ವೀಣೆಗೆ ರಿಂಗ್ ಮಾಡ್ಯುಲೇಶನ್: ಶ್ರುತಿ ಕೆಡದಂತೆ ಹಾಕೋದು ಹೇಗೆ?

ಪ್ರಶ್ನೆ, ಮಲ್ಲೇಶ್ವರದ ಸದಸ್ಯೆಯಿಂದ:
ನಮಸ್ಕಾರ ಸರ್. ನಾನು ವೀಣೆ ನುಡಿಸುತ್ತೇನೆ. ಹಳೆಯ ಎಲೆಕ್ಟ್ರಾನಿಕ್ ಸಂಗೀತದಲ್ಲಿ ಕೇಳುವ ಆ ಲೋಹದಂಥ ನಾದ ನನಗೆ ತುಂಬಾ ಇಷ್ಟ. ವೀಣೆಗೇ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಹಾಕಿ, ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ರಿಂಗ್ ಮಾಡ್ಯುಲೇಟರ್ ಪ್ಲಗಿನ್ ತೆರೆದೆ. ಅದರ ಪ್ರಿಸೆಟ್ 700 ಹರ್ಟ್ಸ್‌ನಲ್ಲಿದೆ. ಯಾವ ರಾಗ ನುಡಿಸಿದರೂ ತಗಡು ಬಡಿದ ಹಾಗೆ ಕೇಳುತ್ತದೆ. ನನ್ನ ಷಡ್ಜ ಸುಮಾರು 160 ಹರ್ಟ್ಸ್. ಏನು ಬದಲಾಯಿಸಬೇಕು?

ಉತ್ತರ, ಸೌಂಡ್ ಎಂಜಿನಿಯರ್:
ಪ್ಲಗಿನ್ ಸರಿಯಾಗೇ ಇದೆ ಮೇಡಂ. ಆ 700 ಮಾತ್ರ ನಿಮ್ಮ ಶ್ರುತಿಗೆ ಸಂಬಂಧವಿಲ್ಲದ ಸಂಖ್ಯೆ.

ರಿಂಗ್ ಮಾಡ್ಯುಲೇಟರ್ ಎರಡು ಸಿಗ್ನಲ್‌ಗಳನ್ನು ಗುಣಿಸುತ್ತದೆ: ಒಂದು ನಿಮ್ಮ ವೀಣೆಯದು, ಇನ್ನೊಂದು ಪ್ಲಗಿನ್ ತಾನೇ ಹುಟ್ಟಿಸುವ ತರಂಗ, ಅದಕ್ಕೆ ಕ್ಯಾರಿಯರ್ ಅನ್ನುತ್ತಾರೆ. ಹೊರಗೆ ಬರುವುದು ಎರಡರ ಕಂಪನಸಂಖ್ಯೆಗಳ ಮೊತ್ತ ಮತ್ತು ವ್ಯತ್ಯಾಸ. ನೀವು 160ರ ಷಡ್ಜ ಮೀಟಿದಿರಿ ಅನ್ನಿ. 540 ಮತ್ತು 860 ಕೇಳುತ್ತದೆ. ಷಡ್ಜವೇ ಮಾಯ. ಹಾಗಾದರೆ ರಾಗ ಎಲ್ಲಿ ನಿಲ್ಲಬೇಕು?

ಕ್ಯಾರಿಯರ್ ಅನ್ನು 160ಕ್ಕೇ ಇಡಿ. ಈಗ ಪಂಚಮ ಮೀಟಿ, ಅಂದರೆ 240. ವ್ಯತ್ಯಾಸ 80, ಅದು ಮಂದ್ರ ಷಡ್ಜ. ಮೊತ್ತ 400, ಅದು ತಾರದ ಅಂತರ ಗಾಂಧಾರ. ಗಾಂಧಾರ ಮೀಟಿದರೆ, ಅಂದರೆ 200, ಕೆಳಗೆ 40ರಲ್ಲಿ ಮತ್ತೆ ಷಡ್ಜ, ಮೇಲೆ 360ರಲ್ಲಿ ಚತುಶ್ರುತಿ ರಿಷಭ. ತಂತಿಯ ಮೇಲು ನಾದಗಳಿಗೂ ಇದೇ ಲೆಕ್ಕ ನಡೆಯುವುದರಿಂದ ಎಲ್ಲವೂ ಒಂದು ಕುಟುಂಬದಲ್ಲೇ ಉಳಿಯುತ್ತವೆ. ಶುದ್ಧ ಮಧ್ಯಮ ಬೇರೆ ಥರ. ಕೆಳಗೆ ಮಧ್ಯಮವೇ ಬರುತ್ತದೆ, ಆದರೆ ಮೇಲಿನದು ರಿಷಭಕ್ಕೂ ಸಾಧಾರಣ ಗಾಂಧಾರಕ್ಕೂ ನಡುವೆ ಬೀಳುತ್ತದೆ. ಷಡ್ಜದ ಕುಟುಂಬಕ್ಕೆ ಹೊಂದುವ ಸ್ವರ ಹಿತವಾಗಿ, ಹೊಂದದ್ದು ಕೊಂಚ ಒರಟಾಗಿ ಕೇಳುತ್ತದೆ. ನನಗೆ ಈ ಇಡೀ ತಂತ್ರದಲ್ಲಿ ಅತಿ ಸುಂದರವಾಗಿ ಕಾಣುವುದು ಇದೇ.

ಜರ್ಮನ್ ಸಂಯೋಜಕ ಸ್ಟಾಕ್‌ಹೌಸನ್ 1970ರಲ್ಲಿ ಎರಡು ಪಿಯಾನೋಗಳಿಗೆ ಬರೆದ 'ಮಂತ್ರ' ಕೃತಿಯಲ್ಲಿ ಹೀಗೇ ಮಾಡಿದ್ದಾರೆ. ಒಂದೊಂದು ಭಾಗಕ್ಕೆ ಒಂದು ಮುಖ್ಯ ಸ್ವರ, ಆ ಸ್ವರಕ್ಕೇ ಕ್ಯಾರಿಯರ್ ಆದ ಸೈನ್ ತರಂಗದ ಶ್ರುತಿ. ನಮ್ಮಲ್ಲಿ ಷಡ್ಜ ಕಚೇರಿಯುದ್ದಕ್ಕೂ ಬದಲಾಗುವುದಿಲ್ಲ, ಹಾಗಾಗಿ ನಮ್ಮ ಕೆಲಸ ಇನ್ನೂ ಸುಲಭ ಅಲ್ವಾ?

ಗಮಕ ಹಾಕಿ ನೋಡಿ. ಷಡ್ಜಕ್ಕಿಂತ ಮೇಲಿನ ಸ್ವರವನ್ನು ಎಳೆದರೆ ಎರಡೂ ನಾದ ಒಟ್ಟಿಗೆ ಏರುತ್ತವೆ. ಮಂದ್ರ ಪಂಚಮದ ತಂತಿಯಲ್ಲಿ ಎಳೆಯಿರಿ, 120ರಿಂದ 130ಕ್ಕೆ. ಮೊತ್ತ 280ರಿಂದ 290ಕ್ಕೆ ಏರುತ್ತದೆ, ವ್ಯತ್ಯಾಸ 40ರಿಂದ 30ಕ್ಕೆ ಇಳಿಯುತ್ತದೆ. ಒಂದೇ ಬೆರಳು, ಎರಡು ದಿಕ್ಕು. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಇದು ಕೇಳಿಸುವುದಿಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ಕಾಂಟ್ಯಾಕ್ಟ್ ಮೈಕ್‌ಗೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಸೇರಿಕೊಂಡಿದ್ದರೆ ಅದೂ ಗುಣಾಕಾರವಾಗಿ 110 ಮತ್ತು 210ರಲ್ಲಿ ಅಪಸ್ವರ ಹೊರಡುತ್ತದೆ. ಪ್ಲಗಿನ್‌ಗೆ ಮೊದಲೇ 50 ಮತ್ತು 100ರಲ್ಲಿ ಸಣ್ಣ ನಾಚ್ ಫಿಲ್ಟರ್ (ಆ ಒಂದು ಕಂಪನವನ್ನಷ್ಟೇ ತೆಗೆದುಹಾಕುವ ಫಿಲ್ಟರ್) ಇಡಿ. ಆಮೇಲೆ ತೆಗೆಯಲು ಆಗುವುದಿಲ್ಲ.

ಅದೇ ಸದಸ್ಯೆ:
160ಕ್ಕೆ ಇಟ್ಟೆ ಸರ್, ಪಂಚಮ ಕೇಳಿ ಮೈ ಜುಂ ಅಂತು! ಆದರೆ ಹಳೆಯ ರೆಕಾರ್ಡಿಂಗ್‌ಗಳ ಆ ಒರಟುತನ ಇಲ್ಲ. ತುಂಬಾ ನುಣ್ಣಗಿದೆ.

ಉತ್ತರ:
ಸಾಫ್ಟ್‌ವೇರ್ ಗುಣಾಕಾರ ಚೊಕ್ಕಟ, ಅದಕ್ಕೇ ಹಾಗೆ. ಹಳೆಯ ಸರ್ಕ್ಯೂಟ್‌ನಲ್ಲಿ ನಾಲ್ಕು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಉಂಗುರದ ಹಾಗೆ ಜೋಡಿಸಿ, ಎರಡು ಟ್ರಾನ್ಸ್‌ಫಾರ್ಮರ್ ಹಾಕುತ್ತಿದ್ದರು. ಕ್ಯಾರಿಯರ್ ಆ ಡಯೋಡ್‌ಗಳನ್ನು ಆನ್-ಆಫ್ ಮಾಡುತ್ತದೆ. ಹಾಗಾಗಿ ಗುಣಾಕಾರ ಸೈನ್‌ಗಿಂತ ಚೌಕ ತರಂಗದ ಜೊತೆ ನಡೆದಂತೆ ಆಗುತ್ತದೆ. ಕ್ಯಾರಿಯರ್‌ನ ಮೂರು ಪಟ್ಟು, ಐದು ಪಟ್ಟಿನ ಸುತ್ತಲೂ ಹೊಸ ನಾದ ಹುಟ್ಟುತ್ತದೆ.

ಇದನ್ನು ತರಲು ಪ್ಯೂರ್ ಡೇಟಾ ಅನ್ನುವ ಧ್ವನಿ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್ ಇಳಿಸಿಕೊಳ್ಳಿ, ಉಚಿತ. ಕ್ಯಾರಿಯರ್ ಆಗಿ ಒಂದು ಸೈನ್ ಆಸಿಲೇಟರ್ (ಸೈನ್ ತರಂಗ ಹುಟ್ಟಿಸುವ ಘಟಕ) ತೆಗೆದುಕೊಂಡು ಅದನ್ನು ಐದಾರು ಪಟ್ಟು ಹೆಚ್ಚಿಸಿ, ಆಮೇಲೆ ಮೈನಸ್ 1ರಿಂದ 1ರೊಳಗೆ ಕತ್ತರಿಸಿ. ತುದಿ ಚಪ್ಪಟೆಯಾಗುತ್ತದೆ. ವೀಣೆಯ ಇನ್‌ಪುಟ್ ಜೊತೆ ಅದನ್ನು ಗುಣಿಸಿ. ಕ್ಯಾರಿಯರ್ ಹಳೆಯ ಯಂತ್ರಗಳಲ್ಲಿ ಸ್ವಲ್ಪ ಸೋರುತ್ತಿತ್ತು. ಅದಕ್ಕೆ ಔಟ್‌ಪುಟ್‌ನಲ್ಲಿ ಕ್ಯಾರಿಯರನ್ನೇ ಮೈನಸ್ 40 ಡೆಸಿಬೆಲ್‌ನಲ್ಲಿ ಸೇರಿಸಿ. ಷಡ್ಜದಲ್ಲೇ ಸೋರುವುದರಿಂದ ನಿಮಗೆ ಅದು ತಂಬೂರಿಯಂತೆ ಒದಗುತ್ತದೆ.

ಪ್ರಾಜೆಕ್ಟಿನ ಸ್ಯಾಂಪಲ್ ದರ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯುತ್ತದೆ ಅನ್ನುವುದು) 44,100 ಹರ್ಟ್ಸ್‌ನಲ್ಲಿದ್ದರೆ 22,050ಕ್ಕಿಂತ ಮೇಲಿನದೆಲ್ಲ ಮಡಚಿಕೊಂಡು ಕೆಳಗೆ ಬೀಳುತ್ತದೆ. 25,000 ಬಂದರೆ 19,100 ಆಗಿ ಕೇಳುತ್ತದೆ. ಕತ್ತರಿಸಿದ ತರಂಗದಲ್ಲಿ ಈ ತೊಂದರೆ ಜಾಸ್ತಿ. 96,000ದಲ್ಲಿ ಕೆಲಸ ಮಾಡಿ.

ಪ್ರಶ್ನೆ, ಎಂಜಿನಿಯರಿಂಗ್ ಓದುತ್ತಿರುವ ಇನ್ನೊಬ್ಬ ಸದಸ್ಯ:
ಅಣ್ಣಾ, ಹಾರ್ಡ್‌ವೇರ್‌ನಲ್ಲೇ ಮಾಡೋಕೆ ಆಗಲ್ವಾ? ಹಾಗೇ, ಗುಡಿ ಗಂಟೆಯ ಸದ್ದನ್ನು ಸಿಂಥ್‌ನಲ್ಲಿ ತರೋದು ಹೇಗೆ?

ಉತ್ತರ:
ಖಂಡಿತ ಆಗುತ್ತದೆಪ್ಪಾ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡ್‌ನಲ್ಲಿ ಜರ್ಮೇನಿಯಂ ಡಯೋಡ್ ಹುಡುಕು. ಸಿಲಿಕಾನ್ ತೆರೆದುಕೊಳ್ಳಲು ಸುಮಾರು 0.6 ವೋಲ್ಟ್ ಬೇಕು, ಜರ್ಮೇನಿಯಂಗೆ 0.3 ಸಾಕು. ನಾಲ್ಕನ್ನೂ ಮಲ್ಟಿಮೀಟರ್‌ನಲ್ಲಿ ಅಳೆದು ಒಂದೇ ಥರದವನ್ನು ಆರಿಸಿಕೋ. ಜೋಡಿ ಹೊಂದದಿದ್ದರೆ ಕ್ಯಾರಿಯರ್ ಜೋರಾಗಿ ಸೋರುತ್ತದೆ.

ಗಂಟೆಗೆ ಎಫ್‌ಎಂ ಬೇಕು, ಅಂದರೆ ಮಾಡ್ಯುಲೇಟರ್ ಅನ್ನುವ ಒಂದು ತರಂಗದಿಂದ ಕ್ಯಾರಿಯರ್ ಅನ್ನುವ ಇನ್ನೊಂದರ ಕಂಪನಸಂಖ್ಯೆಯನ್ನು ಅಲುಗಿಸುವುದು. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ 1973ರಲ್ಲಿ ಪ್ರಕಟಿಸಿದ ವಿಧಾನ ಅದು, 1983ರಲ್ಲಿ ಯಮಾಹಾ ಡಿಎಕ್ಸ್7 ಸಿಂಥ್ ಆಗಿ ಮನೆಮಾತಾಯಿತು. ಡೆಕ್ಸೆಡ್ ಅನ್ನುವ ಉಚಿತ ಪ್ಲಗಿನ್‌ನಲ್ಲಿ ಅದೇ ಆರು ಆಪರೇಟರ್‌ಗಳು, ಅಂದರೆ ತರಂಗ ಹುಟ್ಟಿಸುವ ಘಟಕಗಳು, ಇವೆ. ಅಲ್ಗಾರಿದಂ 5 (ಅವನ್ನು ಮೂರು ಜೋಡಿಯಾಗಿಸುವ ಜೋಡಣೆ) ತೆಗೆದು ಒಂದು ಜೋಡಿ ಮಾತ್ರ ಉಳಿಸಿಕೋ. ಕ್ಯಾರಿಯರ್ 1, ಮಾಡ್ಯುಲೇಟರ್ 1.40. ಪೂರ್ಣ ಸಂಖ್ಯೆಯಲ್ಲದ ಅನುಪಾತ ಇರುವುದರಿಂದ ಲೋಹದ ನಾದ ಬರುತ್ತದೆ. ಮಾಡ್ಯುಲೇಟರ್‌ನ ಎನ್ವಲಪ್ (ಮಟ್ಟ ಏರಿ ಇಳಿಯುವ ರೀತಿ) ಕ್ಯಾರಿಯರ್‌ಗಿಂತ ಬೇಗ ಇಳಿಯಲಿ. ನಿಜವಾದ ಗಂಟೆಯಲ್ಲೂ ಹೊಡೆದ ಚುರುಕು ಮೊದಲು ಆರುತ್ತದೆ, ಮೂಲ ನಾದ ತುಂಬಾ ಹೊತ್ತು ಉಳಿಯುತ್ತದೆ. ಸುಮ್ನೆ ರಿವರ್ಬ್ ಸುರಿಯಬೇಡ, ಮೊದಲು ಎನ್ವಲಪ್ ಸರಿಮಾಡಿ ಫೈಲ್ ಇಲ್ಲಿ ಹಾಕು, ಕೇಳಿ ಹೇಳುತ್ತೇನೆ.