‘ಕಥೆ ಒಡೆದ’ ಅನ್ನುವ ಮಾತು ನಿಮ್ಮ ಕಡೆ ಇದೆಯಾ?

ಎಲ್ಲರಿಗೂ ನಮಸ್ಕಾರ.

ಧಾರಾವಾಹಿಯನ್ನು ಇನ್ನೂ ನೋಡದವರ ಮುಂದೆ ಅದರ ಗುಟ್ಟು ಹೇಳಿಬಿಡುವುದಕ್ಕೆ ಈಗ ಎಲ್ಲರೂ ‘ಸ್ಪಾಯ್ಲರ್’ ಅನ್ನುತ್ತಾರೆ. ಮುಂಬೈಯಲ್ಲಿ ನಮ್ಮದೊಂದು ಸಣ್ಣ ಗುಂಪಿದೆ, ವೈಜ್ಞಾನಿಕ ಕಥೆಗಳ ಸೀರಿಯಲ್ ಹುಚ್ಚಿನವರದು. ನಮ್ಮಲ್ಲಿ ಅದಕ್ಕೆ ‘ಕಥೆ ಒಡೆಯುವುದು’ ಅನ್ನುತ್ತೇವೆ. ‘ಏಯ್, ಒಡೀಬೇಡ್ವೋ’, ‘ಅವನು ಆಗಲೇ ಕಥೆ ಒಡೆದ’ ಅಂತೆಲ್ಲ ಮಾತು ನಡೆಯುತ್ತದೆ. ಇದನ್ನು ಮೊದಲು ಯಾರು ಹೇಳಿದರೋ ಯಾರಿಗೂ ನೆನಪಿಲ್ಲ. ಗುಂಪಿನಲ್ಲಿ ವಿಜಯಪುರ ಮೂಲದವರಿದ್ದಾರೆ, ಕುಂದಾಪುರದವರಿದ್ದಾರೆ, ಮಾಟುಂಗದಲ್ಲೇ ಹುಟ್ಟಿ ಬೆಳೆದವರೂ ಇದ್ದಾರೆ. ಹಾಗಾಗಿ ಮಾತಿನ ಊರು ಹಿಡಿಯುವುದು ಕಷ್ಟ.

ಒಡೆಯುವ ಸಂದರ್ಭಗಳಿಗಂತೂ ಇಲ್ಲಿ ಬರವಿಲ್ಲ. ನೆಟ್‌ಫ್ಲಿಕ್ಸ್‌ನವರು ಸಾಮಾನ್ಯವಾಗಿ ಹೊಸ ಸೀಸನ್ ಬಿಡುವುದು ಕ್ಯಾಲಿಫೋರ್ನಿಯಾದ ನಡುರಾತ್ರಿಗೆ. ಇಲ್ಲಿ ಆಗ ಮಧ್ಯಾಹ್ನ 12:30, ಚಳಿಗಾಲದಲ್ಲಿ 1:30. ಸರಿಯಾಗಿ ಡಬ್ಬಾ ಬಿಚ್ಚುವ ಹೊತ್ತು. ಯಾರೋ ಒಬ್ಬ ಊಟ ಮಾಡುತ್ತಾ ಮೊದಲ ಕಂತು ಮುಗಿಸಿರುತ್ತಾನೆ. ಸಂಜೆ ಉಳಿದವರು ಕಲ್ಯಾಣ್ ಕಡೆಯ ಫಾಸ್ಟ್ ಲೋಕಲ್ ರೈಲು ಹತ್ತುವಷ್ಟರಲ್ಲಿ ವಾಟ್ಸಾಪ್‌ನಲ್ಲಿ ಎಲ್ಲ ಬಂದಿರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲೊಬ್ಬರ ವಾದ, ಇದು ಕನ್ನಡವೇ ಅಲ್ಲ, ಮರಾಠಿಯ ನೆರಳು ಅಂತ. ಮರಾಠಿಯಲ್ಲಿ ಪ್ರಶ್ನೆಪತ್ರಿಕೆ ಹೊರಬಿದ್ದರೆ ‘ಪೇಪರ್ ಫುಟಲಾ’ ಅನ್ನುತ್ತಾರೆ, ಅಂದರೆ ಒಡೆಯಿತು. ಕನ್ನಡದಲ್ಲಿ ಅದು ಸೋರಿಕೆಯಾಗುತ್ತದೆ. ಮುಚ್ಚಿಟ್ಟದ್ದು ಬಯಲಾದರೂ ಮರಾಠಿಯಲ್ಲಿ ‘ಬಿಂಗ್ ಫುಟಲಂ’. ದಿನವಿಡೀ ಆಫೀಸಿನಲ್ಲಿ, ರೈಲಿನಲ್ಲಿ ಮರಾಠಿ ಕೇಳುವ ನಾವು ಅದನ್ನೇ ಕನ್ನಡಕ್ಕೆ ತಿರುಗಿಸಿಕೊಂಡಿದ್ದೇವೆ ಅನ್ನುವುದು ಅವರ ಲೆಕ್ಕ.

ನನಗೆ ಇದು ಅರ್ಧ ಮಾತ್ರ ಸರಿ ಅನಿಸುತ್ತದೆ. ಕನ್ನಡದಲ್ಲಿ ಒಗಟನ್ನು ಒಡೆಯುತ್ತೇವೆ ಅಲ್ವಾ? ಗುಟ್ಟೂ ಒಡೆಯುತ್ತದೆ. ಇದಕ್ಕಿಂತ ಮುಖ್ಯವಾದದ್ದು ಹಾಲು. ಕೆಟ್ಟ ಹಾಲಿಗೆ ನಾವು ‘ಹಾಲು ಒಡೆಯಿತು’ ಅನ್ನುತ್ತೇವೆ. ಮರಾಠಿಯಲ್ಲಿ ಹಾಲು ‘ನಾಸತೆ’ ಅಥವಾ ‘ಫಾಟತೆ’. ‘ಫುಟತೆ’ ಅನ್ನುವುದನ್ನು ನಾನು ಕೇಳಿಲ್ಲ. ಅಂದರೆ ಮುಚ್ಚಿದ್ದು ಹೊರಬರುವುದು, ಚೆನ್ನಾಗಿದ್ದದ್ದು ಕೆಡುವುದು, ಎರಡೂ ನಮ್ಮ ‘ಒಡೆ’ಯಲ್ಲೇ ಇವೆ. ಸ್ಪಾಯ್ಲರ್‌ನಲ್ಲಿ ಆಗುವುದೂ ಇವೆರಡೇ. ಮರಾಠಿ ನಮಗೆ ನೆನಪು ಮಾಡಿಕೊಟ್ಟಿರಬಹುದು, ಆದರೆ ಸರಕು ಮನೆಯದೇ.

ಬೇರೆ ಪದಗಳು ಯಾಕೆ ಒಗ್ಗಲಿಲ್ಲ ಅಂತ ಕೇಳಬಹುದು. ‘ಕಥೆ ಕೆಡಿಸಿದ’ ಅಂದರೆ ಬರೆದವನ ತಲೆಗೆ ತಪ್ಪು ಹೊರಿಸಿದಂತಾಗುತ್ತದೆ. ಕೊನೇ ಸೀಸನ್ನಿನಲ್ಲಿ ಕಥೆ ಕೆಡಿಸಿದರು ಅನ್ನುವುದು ಬೇರೆಯದೇ ದೂರು, ಅದಕ್ಕೂ ನಮ್ಮ ಗುಂಪಿನಲ್ಲಿ ಬಹಳ ಬೇಡಿಕೆಯಿದೆ. ‘ಸುಳಿವು’ ತೀರ ಮೆದು, ಸುಳಿವು ಕೊಟ್ಟರೆ ಆಟ ಇನ್ನೂ ಉಳಿದಿರುತ್ತದೆ. ‘ರಸಭಂಗ’ ಚೆನ್ನಾಗಿದೆ, ಆದರೆ ಫೋನ್ ರಿಂಗಾದರೂ ರಸಭಂಗವೇ. ‘ಗುಟ್ಟು ಬಿಟ್ಟುಕೊಡು’ ಹತ್ತಿರ ಬರುತ್ತದೆ. ಅದರಲ್ಲಿ ಗುಟ್ಟು ತನ್ನದಾಗಿರಬೇಕು ಅನಿಸುತ್ತದೆ. ಮೊನ್ನೆ ನೋಡಿ ಬಂದವನು ಬಿಟ್ಟುಕೊಡುವುದಕ್ಕೆ ಅದೇನು ಅವನಪ್ಪನ ಗುಟ್ಟಾ?

‘ಒಡೆ’ಗೂ ಒಂದು ತೊಂದರೆಯಿದೆ. ಚಿಕ್ಕವರು ‘ಕಥೆ’ಯನ್ನು ಬಿಟ್ಟು ‘ನಂಗೆ ಒಡೆದುಬಿಟ್ಟ’ ಅನ್ನಲು ಶುರು ಮಾಡಿದ್ದಾರೆ. ಹಕಾರ ನುಂಗುವವರ ಮನೆಯಲ್ಲಿ ಇದು ‘ನಂಗೆ ಹೊಡೆದುಬಿಟ್ಟ’ ಅಂತಲೇ ಕೇಳುತ್ತದೆ. ಗೆಳೆಯನೊಬ್ಬನ ಅಮ್ಮ ನಿಜಕ್ಕೂ ‘ಯಾರೋ ಹೊಡೆದದ್ದು?’ ಅಂತ ಎದ್ದು ಬಂದಿದ್ದರು.

ಬರಹದ ತಲೆಯ ಮೇಲೆ ಹಾಕುವ ಎಚ್ಚರಿಕೆಗೆ ಏನು ಬರೆಯುವುದು? ನಾನು ‘ಸೂಚನೆ: ಮುಂದೆ ಕಥೆ ಒಡೆದಿದೆ’ ಅಂತ ಬರೆಯುತ್ತೇನೆ. ಇದರಲ್ಲಿ ಸ್ವಲ್ಪ ಕೀಟಲೆಯೂ ಇದೆ. ಕುಮಾರವ್ಯಾಸ ಪ್ರತಿ ಸಂಧಿಯ ಮೊದಲಿಗೆ ‘ಸೂಚನೆ’ ಅಂತ ಒಂದು ಪದ್ಯ ಇಟ್ಟು, ಆ ಸಂಧಿಯಲ್ಲಿ ಏನಾಗುತ್ತದೆ ಅಂತ ಮುಂಚೆಯೇ ಹೇಳಿಬಿಡುತ್ತಾನೆ. ಲಕ್ಷ್ಮೀಶನದೂ ಇದೇ ಪದ್ಧತಿ. ಅವರ ಸೂಚನೆಯೇ ಸ್ಪಾಯ್ಲರ್, ನಮ್ಮ ಸೂಚನೆ ಸ್ಪಾಯ್ಲರ್ ಇದೆ ಓಡಿಹೋಗಿ ಅನ್ನುವುದಕ್ಕೆ.

ಇನ್ನೊಂದು ಪ್ರಶ್ನೆ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುತ್ತಿದೆ. ಕನ್ನಡದಲ್ಲಿ ಮಾತಾಡಿದರೆ ಬೇಡವೆಂದರೂ ಕಥೆ ಒಡೆಯುತ್ತದೆ. ಒಡೆಯುವುದು ನಾವಲ್ಲ, ಕ್ರಿಯಾಪದದ ಬಾಲ: ‘ಬಂದ’, ‘ಬಂದಳು’, ‘ಬಂತು’ ಅನ್ನುವಾಗ ಕೊನೆಗೆ ಬದಲಾಗುವ ಭಾಗ.

2004ರಿಂದ 2009ರವರೆಗೆ ಬಂದ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ನೋಡಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಅದರಲ್ಲಿ ಸೈಲಾನ್ ಅನ್ನುವ ಯಂತ್ರಜೀವಿಗಳಲ್ಲಿ ಕೆಲವು ಥೇಟ್ ಮನುಷ್ಯರ ಹಾಗೇ ಇರುತ್ತವೆ. ತಾನು ಸೈಲಾನ್ ಅಂತ ತನಗೇ ಗೊತ್ತಿಲ್ಲದ ಪಾತ್ರಗಳೂ ಇವೆ. ಈಗ ಅಂಥ ಪಾತ್ರದ ಬಗ್ಗೆ ಹೇಳುವಾಗ ‘ಹೋದಳು’ ಅನ್ನಬೇಕಾ, ‘ಹೋಯಿತು’ ಅನ್ನಬೇಕಾ? ‘ಹೋಯಿತು’ ಅಂದರೆ ಮುಗಿಯಿತು, ಒಡೆದ ಹಾಗೆ. ಮರಾಠಿಯಲ್ಲೂ ಮೂರು ಲಿಂಗ ಇವೆ, ಆದರೆ ಅಲ್ಲಿ ಮೇಜು ಕುರ್ಚಿಗಳಿಗೂ ಗಂಡು ಹೆಣ್ಣು ಇರುವುದರಿಂದ ಅನುಮಾನ ಬರುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಮನುಷ್ಯನಾದರೆ ಬಂದ, ಯಂತ್ರವಾದರೆ ಬಂತು.

‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ನಲ್ಲಿ 1989ರಲ್ಲಿ ಬಂದ ‘ದಿ ಮೆಷರ್ ಆಫ್ ಎ ಮ್ಯಾನ್’ ಅನ್ನುವ ಕಂತಿನ ಜಗಳವೇ ಇದು. ಯಂತ್ರಮಾನವ ಡೇಟಾನನ್ನು ಬಿಚ್ಚಿ ನೋಡಬೇಕು ಅಂತ ಮ್ಯಾಡಾಕ್ಸ್ ಅನ್ನುವ ವಿಜ್ಞಾನಿ ಬರುತ್ತಾನೆ. ಡೇಟಾ ಸ್ಟಾರ್‌ಫ್ಲೀಟ್ ಅನ್ನುವ ಅಂತರಿಕ್ಷ ಪಡೆಯ ಸೊತ್ತಾ ಅಥವಾ ತನ್ನ ಬಗ್ಗೆ ತಾನೇ ತೀರ್ಮಾನ ಮಾಡುವ ಹಕ್ಕಿದೆಯಾ ಅಂತ ವಿಚಾರಣೆ. ಡೇಟಾನ ಪರ ಕ್ಯಾಪ್ಟನ್ ಪಿಕಾರ್ಡ್. ಮ್ಯಾಡಾಕ್ಸ್ ಉದ್ದಕ್ಕೂ ಡೇಟಾನನ್ನು ‘ಅದು’ ಅನ್ನುತ್ತಾ ಬಂದು, ಕೊನೆಗೆ ‘ಅವನು’ ಅನ್ನುತ್ತಾನೆ. (ಒಡೆದೆ, ನಿಜ. ಆದರೆ 1989ರದ್ದು ಸ್ವಾಮಿ!) ಇಂಗ್ಲಿಷಿನಲ್ಲಿ ಆ ವ್ಯತ್ಯಾಸ ಒಂದು ಸರ್ವನಾಮದಲ್ಲಿ ಮಾತ್ರ. ಕನ್ನಡದಲ್ಲಿ ಹೆಚ್ಚುಕಡಿಮೆ ಪ್ರತಿ ವಾಕ್ಯದ ಕೊನೆಗೂ ತೀರ್ಪು ಬರೆದಿರುತ್ತದೆ. ನಾನೇ ಮೇಲೆ ‘ಡೇಟಾನನ್ನು’ ಅಂತ ಬರೆದೆ. ‘ಡೇಟಾವನ್ನು’ ಅಂತ ಬರೆದಿದ್ದರೆ ಮ್ಯಾಡಾಕ್ಸ್ ಪಕ್ಷ ಸೇರಿದಂತಾಗುತ್ತಿತ್ತು.

ಪಾರಾಗಲು ನಮ್ಮ ಗುಂಪಿನಲ್ಲಿ ಒಂದು ದಾರಿ ಇದೆ. ಅನುಮಾನ ಇರುವ ಪಾತ್ರಕ್ಕೆಲ್ಲ ಬಹುವಚನ. ‘ಅವರು ಬಂದರು, ಅವರು ಗುಂಡು ಹೊಡೆದರು.’ ಗಂಡೋ ಹೆಣ್ಣೋ ತಿಳಿಯುವುದಿಲ್ಲ, ಯಂತ್ರವೋ ಅಂತಲೂ ಹೊಳೆಯುವುದಿಲ್ಲ. ಸೀರಿಯಲ್ಲಿನ ಕೊಲೆಗಾರರಿಗೆಲ್ಲ ನಾವು ಮಾವನ ಮನೆಯವರಿಗೆ ಕೊಡುವಷ್ಟು ಮರ್ಯಾದೆ ಕೊಡುತ್ತಿದ್ದೇವೆ. ಸಿದ್ದಾಪುರ ಕಡೆಯ ಹವ್ಯಕ ಗೆಳತಿಯೊಬ್ಬಳಿಗೆ ಮಾತ್ರ ಈ ಕಷ್ಟವಿಲ್ಲ. ಅವರ ಮಾತಿನಲ್ಲಿ ಅಕ್ಕನೂ ‘ಬಂತು’, ಅತ್ತೆಯೂ ‘ಬಂತು’. ಸೈಲಾನ್ ಹೆಂಗಸಿನ ಕಥೆಯನ್ನು ಅವಳು ಆರಾಮಾಗಿ ಹೇಳುತ್ತಾಳೆ, ನಮಗೆ ಏನೂ ಗೊತ್ತಾಗುವುದಿಲ್ಲ.

‘ಡಾಕ್ಟರ್ ಹೂ’ ಸೀರಿಯಲ್ಲಿಗೆ ಕನ್ನಡ ಸಬ್‌ಟೈಟಲ್ ಬರೆಯುವಾಗ ನಾನು ಪೂರ್ತಿ ಸೋತೆ. 2008ರ ‘ಸೈಲೆನ್ಸ್ ಇನ್ ದ ಲೈಬ್ರರಿ’ಯಲ್ಲಿ ರಿವರ್ ಸಾಂಗ್ ಅನ್ನುವ ಹೆಂಗಸು ಮೊದಲ ಸಲ ಬರುತ್ತಾಳೆ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಡಾಕ್ಟರನ ಮುಂದಿನ ಬದುಕು ಅವಳಿಗೆ ಗೊತ್ತು, ಅವಳ ನೀಲಿ ಡೈರಿಯಲ್ಲಿದೆ. ಡಾಕ್ಟರ್ ಕೇಳಿದರೆ ‘ಸ್ಪಾಯ್ಲರ್ಸ್!’ ಅನ್ನುತ್ತಾಳೆ. ಮುಂದೆ ಅದೇ ಅವಳ ಗುರುತಿನ ಮಾತಾಯಿತು. ಇಲ್ಲಿ ‘ಒಡೆಯಲ್ಲ’ ಅಂದರೆ ತುಂಟತನ ಹೋಗುತ್ತದೆ. ‘ಗುಟ್ಟು!’ ಪರವಾಗಿಲ್ಲ, ಆದರೆ ಮಕ್ಕಳಾಟದಂತೆ ಕೇಳುತ್ತದೆ. ವಿಜಯಪುರದ ಗೆಳೆಯ ‘ಮುಂದೈತಿ ಮಾರಿಹಬ್ಬ!’ ಅಂತ ಹಾಕು ಅಂದ. ನಕ್ಕೆವು, ಆದರೂ ಸದ್ಯಕ್ಕೆ ನನ್ನ ಕನ್ನಡ ಸಬ್‌ಟೈಟಲ್‌ನಲ್ಲಿ ಅದೇ ಇದೆ.

ನನ್ನ ಕೇಳಿಕೆ ಇಷ್ಟು. ಮರಾಠಿಯ ಗಾಳಿ ಬೀಸದ ಕಡೆ, ಅಂದರೆ ಮೈಸೂರು, ಹಾಸನ, ಬಳ್ಳಾರಿ ಕಡೆ, ಕಥೆಗೆ ‘ಒಡೆ’ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ಕೇಳಿದ್ದರೆ ಆ ವಾಕ್ಯವನ್ನು ಹಾಗೇ ಬರೆದು ಕಳಿಸಿ. ‘ನನಗೆ ಒಡೆದ’ ಸರಿಯಾ, ‘ನನ್ನ ಮುಂದೆ ಒಡೆದ’ ಸರಿಯಾ ಅನ್ನುವುದನ್ನೂ ತಿಳಿಸಿ. ಮಾರಿಹಬ್ಬಕ್ಕೆ ಬದಲಿ ಏನಾದರೂ ಹೊಳೆದರೆ ಬೇಗ ಬೇಕು, ಮುಂದಿನ ಕಂತಿನಲ್ಲಿ ರಿವರ್ ಮತ್ತೆ ಬರುತ್ತಾಳೆ.