ಅಪ್‌ಡೇಟ್: ತಂಗಿಯ ಮದುವೆ ನಿಂತಿತು

ನಿಶ್ಚಿತಾರ್ಥ ಆದಮೇಲೆ ಗಂಡಿನ ಕಡೆಯವರು 10 ಲಕ್ಷ, ಜೊತೆಗೆ ಕಾರು ಕೇಳುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ, ಆ ಮದುವೆ ನಿಂತಿತು. ನಿಲ್ಲಿಸಿದ್ದು ತಂಗಿಯೇ. ಅಪ್ಪ ಅಡಿಕೆ ತೋಟ ಅಡ ಇಡಲು ಹೊರಟಿದ್ದರು. ಅವಳು ಸೀದಾ ಹುಡುಗನಿಗೇ ಫೋನ್ ಮಾಡಿ, "ನಿಮಗೂ ಇದು ಬೇಕಾ?" ಅಂತ ಕೇಳಿದಳು. "ಅಮ್ಮ ಹೇಳಿದ ಹಾಗೆ" ಅಂದನಂತೆ. ಅಷ್ಟೇ, ಉಂಗುರ ವಾಪಸ್ ಕಳಿಸಿದಳು.

ನೀವು ಹೇಳಿದಂತೆ ವಕೀಲರನ್ನೂ ಕಂಡೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಪ್ರಕಾರ ಸುಮ್ನೆ ಕೇಳಿದರೂ ಅಪರಾಧ, 6 ತಿಂಗಳಿಂದ 2 ವರ್ಷ ಜೈಲು. ಕೊಡುವುದೂ ಅಪರಾಧವೇ, ಇದು ನನಗೆ ಗೊತ್ತೇ ಇರಲಿಲ್ಲ. ಅವರ ವಾಟ್ಸಾಪ್ ಮೆಸೇಜುಗಳನ್ನೆಲ್ಲ ತೆಗೆದಿಟ್ಟಿದ್ದೇವೆ. ದೂರು ಕೊಡಬೇಕಾ ಅನ್ನುವುದು ಅವಳಿಗೇ ಬಿಟ್ಟಿದ್ದು.

ಛತ್ರದ ಅಡ್ವಾನ್ಸ್ ಹೋಯಿತು, ಹೋಗಲಿ. ಅಪ್ಪ ಇನ್ನೂ ಸರಿಯಾಗಿ ಊಟ ಮಾಡುತ್ತಿಲ್ಲ.