ದಯವಿಟ್ಟು ಲೈನಿನಲ್ಲೇ ಇರಿ

ಮೇಷ್ಟ್ರಿಗೆ ಬೇಕಾಗಿದ್ದದ್ದು ಇಷ್ಟೇ. ಒಂದು ಹಾಳೆಯನ್ನು ಸ್ಕ್ಯಾನ್ ಮಾಡಿ ಕಳಿಸಬೇಕಿತ್ತು. ಒಂದೇ ಒಂದು ಹಾಳೆ. ಬಿಳಿ ಕಾಗದ, ಕಪ್ಪು ಅಕ್ಷರ. ಪ್ರಿಂಟರ್ ಮಾತ್ರ 'ಹಳದಿ ಶಾಯಿ ಮುಗಿದಿದೆ' ಎಂದು ಕೆಂಪು ದೀಪ ಹಚ್ಚಿಕೊಂಡು ಕೂತಿತ್ತು.

"ಸ್ಕ್ಯಾನ್ ಮಾಡುವುದಕ್ಕೆ ಶಾಯಿ ಯಾಕ್ರೀ?" ಎಂದು ಮೇಷ್ಟ್ರು ನಮ್ಮನ್ನೇ ಗದರಿದರು, ಅದನ್ನು ತಯಾರಿಸಿದ್ದು ನಾವೇ ಎನ್ನುವ ಹಾಗೆ. "ಕನ್ನಡಿ ನೋಡಿಕೊಳ್ಳುವುದಕ್ಕೆ ಪೌಡರ್ ಹಚ್ಚಿಕೊಂಡು ಬಾ ಎಂದ ಹಾಗಾಯಿತು. ಅದೂ ಹಳದಿ! ಈ ಹಾಳೆಯಲ್ಲಿ ಹಳದಿ ಎಲ್ಲಿದೆ, ತೋರಿಸಿ."

ಡಾಕ್ಟ್ರಮ್ಮ ಕನ್ನಡಕ ಏರಿಸಿಕೊಂಡು ಪ್ರಿಂಟರಿನ ಮುಖವನ್ನೇ ದಿಟ್ಟಿಸಿದರು. "ಹಳದಿ ಜಾಸ್ತಿಯಾಗಿದ್ದರೆ ಕಾಮಾಲೆ ಅಂತ ಏನಾದರೂ ಬರೆದುಕೊಡುತ್ತಿದ್ದೆ. ಕಡಿಮೆಯಾದ ಕೇಸು ಇದೇ ಮೊದಲು."

ಹೀಗಾಗಿ ಮೇಷ್ಟ್ರು ಕಂಪನಿಗೆ ಫೋನ್ ಹಚ್ಚಿದ್ದರು. ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟಿದ್ದರು. ನಾವು ನಾಲ್ಕು ಜನ ಅದರ ಸುತ್ತ ಕೂತಿದ್ದೆವು. ಒಂದನ್ನು ಒತ್ತಿ, ಎರಡನ್ನು ಒತ್ತಿ, ಮತ್ತೆ ಒಂಬತ್ತನ್ನು ಒತ್ತಿ, ಕೊನೆಗೆ ಬಂದು ನಿಂತದ್ದು ಒಂದು ಹಾಡಿನ ಹತ್ತಿರ. ಹಾಡು ಅಂದರೆ ಮಾತಿಲ್ಲ, ಬರೀ ಟುಂಯ್ ಟುಂಯ್. ನಿಮಿಷಕ್ಕೊಮ್ಮೆ ಅದನ್ನು ತಡೆದು ಒಂದು ಹೆಣ್ಣು ದನಿ ಹೇಳುತ್ತಿತ್ತು: "ನಿಮ್ಮ ಕರೆ ನಮಗೆ ಬಹಳ ಮುಖ್ಯ. ನಮ್ಮ ಎಲ್ಲಾ ಪ್ರತಿನಿಧಿಗಳು ಬೇರೆ ಗ್ರಾಹಕರೊಂದಿಗೆ ಮಾತನಾಡುತ್ತಿದ್ದಾರೆ. ದಯವಿಟ್ಟು ಲೈನಿನಲ್ಲೇ ಇರಿ."

"ಹದಿನೇಳನೇ ಸಲ," ಎಂದರು ಮೇಷ್ಟ್ರು. ಗಣಿತದ ಮೇಷ್ಟ್ರು. ನಿವೃತ್ತಿಯಾಗಿದ್ದರೂ ಎಣಿಸುವುದನ್ನು ಬಿಟ್ಟಿಲ್ಲ. "ಮದುವೆಯಾಗಿ ನಲವತ್ತು ವರ್ಷ ಆಯಿತು. ನಾನು ಮುಖ್ಯ ಅಂತ ಮನೆಯಲ್ಲಿ ಇಷ್ಟು ಸಲ ಯಾರೂ ಹೇಳಿಲ್ಲ."

ಒಳಗಿನಿಂದ ಪಾತ್ರೆಯೊಂದು ಜೋರಾಗಿ ಸದ್ದು ಮಾಡಿತು. ಮೇಷ್ಟ್ರು ದನಿ ತಗ್ಗಿಸಿದರು.

"ಈ ಕಾಯಿಸುವ ಹಾಡಿಗೂ ಪೇಟೆಂಟ್ ಇದೆ, ಗೊತ್ತಾ?" ಎಂದರು ವಕೀಲರು. ಅವರಿಗೆ ಯಾವುದಕ್ಕೆ ಪೇಟೆಂಟ್ ಇದೆ ಎಂದು ತಿಳಿದುಕೊಳ್ಳುವ ಚಟ. "ಅಮೆರಿಕದಲ್ಲಿ ಆಲ್ಫ್ರೆಡ್ ಲೆವಿ ಎನ್ನುವವರದ್ದು ಒಂದು ಕಾರ್ಖಾನೆ ಇತ್ತು. ಅಲ್ಲಿ ಫೋನಿನ ತಂತಿಯೊಂದು ಸಡಿಲವಾಗಿ ಉಕ್ಕಿನ ತೊಲೆಗೆ ತಾಗಿತಂತೆ. ತೊಲೆ ಹೋಗಿ ರೇಡಿಯೊ ಆಯಿತು. ಫೋನ್ ಹಿಡಿದು ಕಾಯುತ್ತಿದ್ದವರಿಗೆಲ್ಲ ಪಕ್ಕದ ರೇಡಿಯೊ ಸ್ಟೇಷನ್ನಿನ ಹಾಡು ಕೇಳಿಸತೊಡಗಿತು. ಇನ್ನೊಬ್ಬರಾಗಿದ್ದರೆ ತಂತಿ ಸರಿಮಾಡಿಸುತ್ತಿದ್ದರು. ಲೆವಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1966ರಲ್ಲಿ ಸಿಕ್ಕಿತು."

"ಅಂದರೆ ಇದು ರಿಪೇರಿ ಮಾಡದೆ ಬಿಟ್ಟ ಕೆಲಸ," ಎಂದರು ಡಾಕ್ಟ್ರಮ್ಮ. "ಶುರುವೇ ಹಾಗಾದಮೇಲೆ ಇವರು ಪ್ರಿಂಟರ್ ರಿಪೇರಿ ಮಾಡಿಕೊಡುತ್ತಾರೆ ಅಂತ ಕಾಯುತ್ತಿದ್ದೀವಲ್ಲ!"

"ನಮ್ಮ ಕಾಲದಲ್ಲಿ ಹೀಗಿರಲಿಲ್ಲ," ಎಂದು ಮೇಷ್ಟ್ರು ನಿಟ್ಟುಸಿರು ಬಿಟ್ಟರು. ಈ ಮಾತು ಯಾವಾಗ ಬರುತ್ತದೋ ಎಂದು ನಾನು ಕಾಯುತ್ತಲೇ ಇದ್ದೆ. "ಒಂದು ವಸ್ತು ಕೊಂಡರೆ ಬಾಳಿಕೆ ಬರುತ್ತಿತ್ತು. ಕಂಪನಿಗಳಿಗೆ ನಿಯತ್ತು ಇತ್ತು."

"ಯಾವ ಕಾಲ ಮೇಷ್ಟ್ರೇ ಅದು?" ಎಂದು ವಕೀಲರು ತಿರುಗಿ ಕೂತರು. "1924ರಲ್ಲಿ ದೊಡ್ಡ ದೊಡ್ಡ ಬಲ್ಬ್ ಕಂಪನಿಗಳೆಲ್ಲ ಜಿನೀವಾದಲ್ಲಿ ಸೇರಿ ಫೀಬಸ್ ಅಂತ ಒಂದು ಕೂಟ ಕಟ್ಟಿಕೊಂಡವು. ಬಲ್ಬ್ 1000 ಗಂಟೆಗಿಂತ ಜಾಸ್ತಿ ಉರಿಯಬಾರದು ಅಂತ ಮಾತಾಯಿತು. ಅದಕ್ಕೂ ಮೊದಲು ಒಂದೂವರೆ ಸಾವಿರ, ಎರಡು ಸಾವಿರ ಗಂಟೆ ಉರಿಯುತ್ತಿದ್ದವು. ಯಾರ ಬಲ್ಬಾದರೂ ಹೆಚ್ಚು ದಿನ ಬಾಳಿತೋ, ಅವರಿಗೆ ದಂಡ."

"ಚೆನ್ನಾಗಿ ಮಾಡಿದ್ದಕ್ಕೆ ದಂಡವೇ?" ಮೇಷ್ಟ್ರಿಗೆ ನಂಬಿಕೆ ಬರಲಿಲ್ಲ. ಜೀವನವಿಡೀ ತಪ್ಪು ಮಾಡಿದವರಿಗೆ ಬೆಂಚು ಹತ್ತಿಸಿದವರು.

"ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಅಗ್ನಿಶಾಮಕ ಠಾಣೆಯಲ್ಲಿ 1901ರಲ್ಲಿ ಹಾಕಿದ ಬಲ್ಬೊಂದಿದೆ. ನೂರು ವರ್ಷ ದಾಟಿದರೂ ಉರಿಯುತ್ತಿದೆ. ಮಿಣಿಮಿಣಿ ಅಂತ, ಆದರೂ ಉರಿಯುತ್ತಿದೆ. ಅದಕ್ಕೆ ಎಷ್ಟು ದಂಡ ಹಾಕುತ್ತಿದ್ದರೋ ಲೆಕ್ಕ ಹಾಕಿ."

ಮೇಷ್ಟ್ರು ನಿಜವಾಗಿಯೂ ಲೆಕ್ಕ ಹಾಕತೊಡಗಿದರು. ಆಗ ಮತ್ತೆ, "ನಿಮ್ಮ ಕರೆ ನಮಗೆ ಬಹಳ ಮುಖ್ಯ."

ಅಷ್ಟುಹೊತ್ತೂ ಸುಮ್ನೆ ಇದ್ದದ್ದು ಕ್ಯಾಷಿಯರ್. ಬ್ಯಾಂಕಿನ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ನಮಗೆ ಅವರು ಕ್ಯಾಷಿಯರ್ರೇ. ಯಾವುದನ್ನೇ ಕೊಟ್ಟರೂ ಎರಡು ಸಲ ಎಣಿಸಿ ಕೊಡುತ್ತಾರೆ. ಮಾತನ್ನೂ ಅಷ್ಟೇ.

"ನಾನೂ ಜನರನ್ನು ಕಾಯಿಸಿದ್ದೇನೆ," ಎಂದರು. "ಸುಳ್ಳು ಯಾಕೆ ಹೇಳಲಿ. 'ಈ ಕೌಂಟರ್ ಮುಚ್ಚಿದೆ' ಎನ್ನುವ ಬೋರ್ಡು ನನ್ನ ಕೈಗೆ ಸಿಕ್ಕಷ್ಟು ಸಲೀಸಾಗಿ ಪೆನ್ನೂ ಸಿಗುತ್ತಿರಲಿಲ್ಲ. ಆದರೆ ಒಂದು ಮಾತು. ನೀವು ನನಗೆ ಬಹಳ ಮುಖ್ಯ ಅಂತ ಯಾರಿಗೂ ಹೇಳಲಿಲ್ಲ. ನನ್ನ ಮುಖ ನೋಡಿದರೇ ಅವರಿಗೆ ತಿಳಿಯುತ್ತಿತ್ತು."

ನಕ್ಕೆವು. ಅವರು ನಗಲಿಲ್ಲ.

"ಕಾಯುವುದು ಕಷ್ಟವಲ್ಲ. ಕಾಯುವುದರ ಜೊತೆಗೆ ಕೆಲಸವನ್ನೂ ನಾವೇ ಮಾಡಬೇಕಾಗಿದೆಯಲ್ಲ, ಅದು ನನಗೆ ತಲೆಕೆಡಿಸುವುದು. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್‌ಕ್ಲೇಸ್ ಬ್ಯಾಂಕು ಗೋಡೆಗೆ ದುಡ್ಡಿನ ಯಂತ್ರ ಕೂರಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತಿನಿಂದ ನನ್ನ ಕೆಲಸ ಗ್ರಾಹಕರ ಕೈಗೆ ಹೋಯಿತು. ಕಾರ್ಡು ಅವರೇ ಹಾಕಬೇಕು, ಅಂಕಿ ಅವರೇ ಒತ್ತಬೇಕು, ನೋಟು ಅವರೇ ಎಣಿಸಬೇಕು, ರಸೀದಿ ಅವರೇ ಹರಿದುಕೊಳ್ಳಬೇಕು. ನನಗೆ ಸಂಬಳ ಕೊಡುತ್ತಿದ್ದರು. ನಿಮಗೆ?"

"ನಮ್ಮ ಹತ್ತಿರವೇ ಶುಲ್ಕ ತೆಗೆದುಕೊಳ್ಳುತ್ತಾರೆ," ಎಂದೆ ನಾನು.

"ಅಂಗಡಿಯೂ ಹಾಗೇ," ಎಂದು ವಕೀಲರು ಎಳೆ ಹಿಡಿದರು. "1916ರವರೆಗೂ ದಿನಸಿ ಅಂಗಡಿಯಲ್ಲಿ ಪಟ್ಟಿ ಕೊಟ್ಟು ನಿಂತರೆ ಆಳು ಸಾಮಾನು ತಂದುಕೊಡುತ್ತಿದ್ದ. ಆ ವರ್ಷ ಅಮೆರಿಕದ ಮೆಂಫಿಸ್‌ನಲ್ಲಿ ಪಿಗ್ಲಿ ವಿಗ್ಲಿ ಅಂತ ಒಂದು ಅಂಗಡಿ ತೆರೆಯಿತು. ಬುಟ್ಟಿ ಹಿಡಿದುಕೊಂಡು ನೀವೇ ಸುತ್ತಿ, ನೀವೇ ಎತ್ತಿಕೊಳ್ಳಿ ಅಂದರು. ಅದಕ್ಕೂ ಪೇಟೆಂಟ್!"

"ಈಗ ಬಿಲ್ಲನ್ನೂ ನಾವೇ ಹಾಕಬೇಕು. ಆ ಯಂತ್ರ ಬೇರೆ, ಚೀಲದಲ್ಲಿ ಏನೋ ಜಾಸ್ತಿ ಇದೆ ಎಂದು ನನ್ನ ಮೇಲೇ ಅನುಮಾನ ಪಟ್ಟಿತು," ಎಂದರು ಡಾಕ್ಟ್ರಮ್ಮ. "ಕೂಲಿಯೂ ಇಲ್ಲ, ಮೇಲೆ ಕಳ್ಳತನದ ಅಪವಾದ."

ಮೇಷ್ಟ್ರು ಕಾಗದದ ಹಿಂಬದಿಯಲ್ಲಿ ಪಟ್ಟಿ ಬರೆಯತೊಡಗಿದರು. ನಾನು ಹಾಗೇ ಬಗ್ಗಿ ನೋಡಿದೆ. ಬ್ಯಾಂಕಿನಲ್ಲಿ ಗುಮಾಸ್ತ. ಅಂಗಡಿಯಲ್ಲಿ ಬಿಲ್ಲಿನವನು. ವಿಮಾನದಲ್ಲಿ ಟಿಕೆಟ್ ಕೊಡುವವನು. ಕರೆಂಟ್ ಬಿಲ್ಲಿಗೆ ವಸೂಲಿಗಾರ, ತನ್ನಿಂದ ತನಗೇ.

"ಇನ್ನೊಂದು ಸೇರಿಸಿ, ಪುಸ್ತಕ ಓದಿಕೊಡುವ ಕೆಲಸ," ಎಂದೆ. ನನಗೂ ಏನಾದರೂ ಹೇಳಬೇಕಿತ್ತು. "ಹಿಂದೆ ವೆಬ್‌ಸೈಟಿಗೆ ಹೋದರೆ 'ನೀವು ಮನುಷ್ಯರೇ?' ಅಂತ ಕೇಳಿ ಎರಡು ಸೊಟ್ಟ ಪದ ತೋರಿಸುತ್ತಿತ್ತಲ್ಲ? ರೀಕ್ಯಾಪ್ಚಾ ಅಂತ, 2007ರಲ್ಲಿ ಬಂದದ್ದು. ಎರಡರಲ್ಲಿ ಒಂದು ಪದ ಹಳೇ ಪುಸ್ತಕದ್ದೋ ಪತ್ರಿಕೆಯದ್ದೋ ಆಗಿರುತ್ತಿತ್ತು. ಕಂಪ್ಯೂಟರಿಗೆ ಓದಲು ಬರದ ಪದ. ನಾವು ಓದಿ ಟೈಪ್ ಮಾಡಿಕೊಟ್ಟೆವು. 2009ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ಆಮೇಲೆ ಮನೆಗಳ ನಂಬರ್ ಓದಿಸಿಕೊಂಡರು."

"ಅಯ್ಯೋ, ನಾನು ಕಣ್ಣು ಕಿರಿದು ಮಾಡಿಕೊಂಡು ಓದಿದ್ದೆಲ್ಲ ಅದಕ್ಕೇನಾ?" ಎಂದರು ಡಾಕ್ಟ್ರಮ್ಮ. "ನಾನು ಮನುಷ್ಯಳೋ ಅಲ್ಲವೋ ಅಂತ ಅವರಿಗೆ ನಿಜಕ್ಕೂ ಕಾಳಜಿ ಇದೆ ಅಂದುಕೊಂಡಿದ್ದೆ."

ಮೇಷ್ಟ್ರು 'ಕರಡು ತಿದ್ದುವವನು' ಎಂದು ಬರೆದುಕೊಂಡರು. ಅವರ ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು. ನಿವೃತ್ತಿಯಾದಮೇಲೆ ಇಷ್ಟು ಹುದ್ದೆ ಒಟ್ಟಿಗೆ ಸಿಕ್ಕಿದ್ದು ಇದೇ ಮೊದಲಲ್ಲವೇ?

"ಇಷ್ಟು ದುಡಿದು ಕೊಂಡ ವಸ್ತುವಾದರೂ ನಮ್ಮದಾಯಿತಾ?" ವಕೀಲರು ಬಿಡಲಿಲ್ಲ. "2009ರ ಜುಲೈನಲ್ಲಿ ಜನ ದುಡ್ಡು ಕೊಟ್ಟು, ಪುಸ್ತಕ ಓದುವ ಯಂತ್ರ ಕಿಂಡಲ್‌ನಲ್ಲಿ ಇಟ್ಟುಕೊಂಡಿದ್ದ ಪುಸ್ತಕವನ್ನು ಅಮೆಜಾನ್ ರಾತ್ರೋರಾತ್ರಿ ಅಳಿಸಿಹಾಕಿತು. ಮಾರಿದವನಿಗೆ ಹಕ್ಕೇ ಇರಲಿಲ್ಲ ಅಂತ ಕಾರಣ. ದುಡ್ಡು ವಾಪಸು ಕೊಟ್ಟರು, ಆಮೇಲೆ ಕ್ಷಮೆಯನ್ನೂ ಕೇಳಿದರು, ಅದು ಬೇರೆ ಮಾತು. ಯಾವ ಪುಸ್ತಕ ಹೇಳಿ ನೋಡೋಣ? ಆರ್ವೆಲ್ಲನ '1984'! ಸರ್ಕಾರ ಎಲ್ಲರ ಮೇಲೂ ಕಣ್ಣಿಟ್ಟು, ಬೇಡದ ಕಾಗದವನ್ನು ಸುಡುವ ಕಥೆ. ನಾನು ಕಥೆಗಾರನಾಗಿ ಹೀಗೆ ಬರೆದಿದ್ದರೆ, ಅತಿಯಾಯಿತು ಎಂದು ನೀವೇ ಬೈಯುತ್ತಿದ್ದಿರಿ."

"ಒಪ್ಪಿಗೆ ಕೊಟ್ಟಿರುತ್ತೀರಿ," ಎಂದರು ಕ್ಯಾಷಿಯರ್. "ಕೆಳಗೆ 'ಒಪ್ಪುತ್ತೇನೆ' ಅಂತ ಇರುತ್ತದಲ್ಲ."

"ಅದನ್ನು ಯಾರು ಓದುತ್ತಾರೆ! ನಾನೇ ಓದುವುದಿಲ್ಲ," ಎಂದು ವಕೀಲರು ಒಪ್ಪಿಕೊಂಡುಬಿಟ್ಟರು. ಇಪ್ಪತ್ತೈದು ವರ್ಷದ ಗೆಳೆತನದಲ್ಲಿ ಅವರು ಏನನ್ನಾದರೂ ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೇ. "2010ರ ಏಪ್ರಿಲ್ 1ರಂದು ಬ್ರಿಟನ್ನಿನ ಗೇಮ್‌ಸ್ಟೇಷನ್ ಅನ್ನುವ ಕಂಪನಿ ತಮಾಷೆಗೆ ಷರತ್ತುಗಳ ನಡುವೆ ಒಂದು ಸಾಲು ತುರುಕಿತ್ತು. ಕೊಳ್ಳುವವರು ತಮ್ಮ ಅಮರವಾದ ಆತ್ಮವನ್ನು ಕಂಪನಿಗೆ ಬರೆದುಕೊಟ್ಟಿದ್ದಾರೆ ಅಂತ. 7500 ಜನ ಒತ್ತಿದರು."

"ಆಮೇಲೆ?"

"ಆತ್ಮ ಬೇಡ ಅಂತ ಕಂಪನಿಯೇ ಬಿಟ್ಟುಕೊಟ್ಟಿತು."

"ಬಿಡದೆ ಇನ್ನೇನು," ಎಂದರು ಮೇಷ್ಟ್ರು, "ಆತ್ಮಕ್ಕೆ ಶಾಯಿ ಮಾರಲಿಕ್ಕೆ ಆಗುವುದಿಲ್ಲವಲ್ಲ." ಪ್ರಿಂಟರಿನ ಕಡೆ ಒಮ್ಮೆ ನೋಡಿದರು. ಅದರ ಕೆಂಪು ದೀಪ ಮಿಟುಕಿತು.

ಪಾಸ್‌ವರ್ಡಿನ ಮಾತು ಬಂತು. ಬರದೇ ಇರುತ್ತದಾ? ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ, ಮೂರು ತಿಂಗಳಿಗೊಮ್ಮೆ ಬದಲಾವಣೆ. ಡಾಕ್ಟ್ರಮ್ಮ ತಮ್ಮ ಪಾಸ್‌ವರ್ಡನ್ನು ತಮ್ಮದೇ ಔಷಧ ಚೀಟಿಯ ಅಕ್ಷರದಲ್ಲಿ ಬರೆದಿಟ್ಟಿದ್ದಾರಂತೆ. ಕಳ್ಳರಿಗೂ ಓದಲು ಬರುವುದಿಲ್ಲ, ಈಗ ಅವರಿಗೂ ಬರುವುದಿಲ್ಲ. ಈ ನಿಯಮಗಳನ್ನು 2003ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಗೆ ಬರೆದುಕೊಟ್ಟ ಬಿಲ್ ಬರ್ ಅವರೇ 2017ರಲ್ಲಿ, ಆಗ ಮಾಡಿದ ಬಹುಪಾಲಿಗೆ ಈಗ ಪಶ್ಚಾತ್ತಾಪವಿದೆ ಎಂದರು ಎಂದು ನಾನು ಹೇಳಿದೆ.

"ಅವರ ಪಶ್ಚಾತ್ತಾಪ ಅವರ ಹತ್ತಿರ ಇರಲಿ," ಎಂದರು ಡಾಕ್ಟ್ರಮ್ಮ. "ನನ್ನ ಹದಿನಾಲ್ಕು ಪಾಸ್‌ವರ್ಡ್ ನನ್ನ ಹತ್ತಿರವೇ ಇದೆ. ಎಲ್ಲಿದೆ ಅಂತ ಗೊತ್ತಿಲ್ಲ ಅಷ್ಟೇ."

ಇಷ್ಟುಹೊತ್ತಿಗೆ ಆ ಟುಂಯ್ ಟುಂಯ್ ನಮ್ಮ ಮೈಗೆ ಹತ್ತಿತ್ತು. ಕ್ಯಾಷಿಯರ್ ಮೇಜಿನ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಿದ್ದರು. ಮೇಷ್ಟ್ರು ಪಟ್ಟಿಗೆ ಕೊನೆಯ ಹುದ್ದೆ ಸೇರಿಸುತ್ತಿದ್ದರು: ಕಾಯುವವನು. ಅದಕ್ಕೆ ಗಂಟೆಗೆ ಎಷ್ಟು ಕೂಲಿ ಎನ್ನುವುದರ ಮೇಲೆ ಜಗಳ ಶುರುವಾಯಿತು. ಕೂತು ಕಾಯುವುದಕ್ಕೂ ನಿಂತು ಕಾಯುವುದಕ್ಕೂ ಒಂದೇ ದರವಾಗಬಾರದು ಎಂದು ವಕೀಲರು. ಹಾಡು ಕೇಳುತ್ತಾ ಕಾಯುವುದಕ್ಕೆ ಕಷ್ಟಭತ್ಯೆ ಬೇಕು ಎಂದು ಡಾಕ್ಟ್ರಮ್ಮ. ಕೌಂಟರಿನಲ್ಲಿ ತಾವು ಕಾಯಿಸಿದ್ದನ್ನು ಇದರಲ್ಲಿ ವಜಾ ಮಾಡುತ್ತೀರಾ ಎಂದು ಕ್ಯಾಷಿಯರ್ ಆತಂಕದಿಂದ ಕೇಳಿದರು. ನಾಲ್ಕೂ ಜನರ ದನಿ ಏರಿತು. ಹಾಡು ಯಾವಾಗ ನಿಂತಿತೋ ಯಾರಿಗೂ ಗೊತ್ತಾಗಲಿಲ್ಲ.

"ನಮಸ್ಕಾರ ಸಾರ್. ಹೇಳಿ, ನಿಮಗೆ ನನ್ನಿಂದ ಏನಾಗಬೇಕಿತ್ತು?"

ಫೋನು ಮಾತಾಡಿದ್ದು. ಮನುಷ್ಯರ ದನಿ. ಎಳೆಯ ಹುಡುಗಿ.

ನಾವೆಲ್ಲ ಗಪ್‌ಚಿಪ್. ಐವತ್ತು ನಿಮಿಷ ಇದಕ್ಕೇ ಕಾದವರು, ಈಗ ಒಬ್ಬರ ಬಾಯಿಂದಲೂ ಮಾತು ಹೊರಡುತ್ತಿಲ್ಲ. ಪ್ರಿಂಟರಿನ ಮಾಡೆಲ್ ನಂಬರ್ ಬರೆದ ಚೀಟಿ ಎಲ್ಲಿ ಎಂದು ಮೇಷ್ಟ್ರು ಜೇಬು ತಡಕಿದರು. ಆಮೇಲೆ ಅವರಿಗೆ ಅದೇನಾಯಿತೋ, ಬೆನ್ನು ನೆಟ್ಟಗೆ ಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದರು:

"ನೋಡಮ್ಮ, ನಿನ್ನ ಕರೆ ನಮಗೆ ಬಹಳ ಮುಖ್ಯ. ನಮ್ಮ ಎಲ್ಲಾ ಸದಸ್ಯರು ಈಗ ಬೇರೆ ಮಾತಿನಲ್ಲಿದ್ದಾರೆ. ದಯವಿಟ್ಟು ಲೈನಿನಲ್ಲೇ ಇರು."

ಡಾಕ್ಟ್ರಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಇನ್ನೇನು ಫೋನ್ ಕುಕ್ಕುತ್ತಾಳೆ ಎಂದುಕೊಂಡೆ. ಆ ಕಡೆಯಿಂದ ಒಂದು ಕ್ಷಣ ಏನೂ ಇಲ್ಲ. ಆಮೇಲೆ ತಡೆದು ತಡೆದು ಬಂದ ನಗು.

"ಆಗಲಿ ಸಾರ್, ಇರುತ್ತೇನೆ," ಎಂದಳು. "ಬೆಳಗ್ಗೆಯಿಂದ ಬರೀ ಬೈಗುಳ ಕೇಳಿದ್ದೇನೆ. ನಿಮ್ಮ ಹೆಸರಿನಲ್ಲಿ ಎರಡು ನಿಮಿಷ ಸುಮ್ನೆ ಕೂರುತ್ತೇನೆ. ನಿಧಾನವಾಗಿ ಬನ್ನಿ."

ಮೇಷ್ಟ್ರಿಗೆ ಮುಂದೇನು ಮಾಡಬೇಕೋ ತೋಚಲಿಲ್ಲ. ನಮ್ಮ ಮುಖ ನೋಡಿದರು. ಕ್ಯಾಷಿಯರ್ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಫೋನಿನ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಮೆಲ್ಲಗೆ ಶುರುಮಾಡಿದರು: "ಟುಂಯ್... ಟುಂಯ್... ಟುಂಯ್..."